ಕ್ಯಾನುಲಾ ಮೇಲಿನ ಪಾರದರ್ಶಕ ಡ್ರೆಸ್ಸಿಂಗ್: ವಾರ್ಡ್ ನರ್ಸ್ ಕಂಡಂತೆ

ನಮ್ಮ ವಾರ್ಡಿನಲ್ಲಿ ಕ್ಯಾನುಲಾಗೆ (ಔಷಧಿ ಕೊಡಲು ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ಕೊಳವೆ) ಬಿಳಿ ಟೇಪ್ ಸುತ್ತುವುದನ್ನು ಬಿಟ್ಟು, ಅಂಚಿಗೆ ಬಟ್ಟೆಯ ಪಟ್ಟಿ ಇರುವ ಪಾರದರ್ಶಕ ಡ್ರೆಸ್ಸಿಂಗ್ ಬಳಸುತ್ತಿದ್ದೇವೆ. ನನಗಂತೂ ಇಷ್ಟವಾಗಿದೆ. ಚುಚ್ಚಿದ ಜಾಗ ಕಣ್ಣಿಗೆ ಕಾಣುತ್ತದೆ, ಅದೇ ದೊಡ್ಡ ಲಾಭ. ಮೊನ್ನೆ ರಾತ್ರಿ ಪಾಳಿಯಲ್ಲಿ ಒಬ್ಬ ಅಜ್ಜಿಯ ಮುಂಗೈಯಲ್ಲಿ ರಕ್ತನಾಳದ ಗುಂಟ ತೆಳು ಕೆಂಪು ಗೆರೆ ಕಂಡಿತು. ಮುಟ್ಟಿದರೆ ಬಿಸಿ, ಅಜ್ಜಿ ಕೈ ಹಿಂದಕ್ಕೆಳೆದುಕೊಂಡರು. ರಕ್ತನಾಳದ ಉರಿಯೂತದ ಲಕ್ಷಣ ಇದು; ತಕ್ಷಣ ಆ ಕ್ಯಾನುಲಾ ತೆಗೆದು ಇನ್ನೊಂದು ಕೈಗೆ ಹೊಸದು ಹಾಕಿದೆವು. ಟೇಪ್ ಇದ್ದಿದ್ದರೆ ಕೈ ಊದಿಕೊಂಡ ಮೇಲೇ ಗೊತ್ತಾಗುತ್ತಿತ್ತು, ಅಲ್ವಾ?

ತಕರಾರೂ ಇದೆ. ಬೆವರು ಜಾಸ್ತಿ ಇರುವವರಿಗೆ ಅಂಚು ಬೇಗ ಏಳುತ್ತದೆ. ಚರ್ಮಕ್ಕೆ ಹಚ್ಚುವ ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್ ಪೂರ್ತಿ ಒಣಗುವ ಮೊದಲೇ ಅಂಟಿಸಿದರೂ ಅಷ್ಟೇ. (ಬಾಯಿಂದ ಊದಿ ಒಣಗಿಸುವವರನ್ನು ಕಂಡರೆ ನನಗೆ ಸಿಟ್ಟು.) ಡ್ರೆಸ್ಸಿಂಗನ್ನು 7 ದಿನದವರೆಗೆ ಇಡಬಹುದು ನಿಜ, ಆದರೆ ಒದ್ದೆಯಾದರೆ, ಸಡಿಲವಾದರೆ ಆಗಲೇ ಬದಲಿಸಬೇಕು. ವಯಸ್ಸಾದವರಿಗೆ ಬಿಚ್ಚುವಾಗ ಚರ್ಮ ಒತ್ತಿ ಹಿಡಿದು ನಿಧಾನಕ್ಕೆ ಬಿಡಿಸಿ.

ಇದನ್ನು ಹಾಕಿದ ಮಾತ್ರಕ್ಕೆ ಹಬ್ (ಸಿರಿಂಜ್ ಜೋಡಿಸುವ ಬಾಯಿ) ಉಜ್ಜಿ ಸ್ವಚ್ಛ ಮಾಡುವುದು, ಸಲೈನ್ ಫ್ಲಶ್ ಮಾಡುವುದು (ಉಪ್ಪುನೀರು ಹಾಯಿಸಿ ಕೊಳವೆ ತೊಳೆಯುವುದು) ತಪ್ಪುವುದಿಲ್ಲ. ಔಷಧಿ ನಿಂತ ಮೇಲೂ ಸುಮ್ನೆ ಕ್ಯಾನುಲಾ ಇಟ್ಟುಕೊಂಡಿದ್ದರೆ ಡಾಕ್ಟರಿಗೆ ನೆನಪಿಸಿ, ತೆಗೆಸಿಬಿಡಿ. ಡ್ರೆಸ್ಸಿಂಗಿಗೆ 5ಕ್ಕೆ 4 ಕೊಡುತ್ತೇನೆ. ಅಂಚು ಏಳುವುದಕ್ಕೆ ಒಂದು ಕಡಿತ.