3.3 ವೋಲ್ಟ್ ಗೇಟ್‌ಗೆ ಐಆರ್‌ಎಫ್‌ಝಡ್44ಎನ್ ಹಾಕಬೇಡಿ

3.3 ವೋಲ್ಟ್ ಕೊಡುವ ಇಎಸ್‌ಪಿ32 ಮೈಕ್ರೋಕಂಟ್ರೋಲರ್‌ನ ಪಿನ್‌ನಿಂದ ನೇರವಾಗಿ ಐಆರ್‌ಎಫ್‌ಝಡ್44ಎನ್ ಎಂಬ ಮಾಸ್ಫೆಟ್‌ನ (ಸ್ವಿಚ್‌ನಂತೆ ಬಳಸುವ ಟ್ರಾನ್ಸಿಸ್ಟರ್) ಗೇಟ್‌ಗೆ, ಅಂದರೆ ಅದನ್ನು ಆನ್-ಆಫ್ ಮಾಡುವ ಕಾಲಿಗೆ, ವೈರ್ ಎಳೆದು 12 ವೋಲ್ಟ್, 3 ಆಂಪ್ ಪಂಪ್ ಓಡಿಸುವ ಬೋರ್ಡ್‌ಗಳು ಸುಟ್ಟು ರಿಪೇರಿಗೆ ಬರುತ್ತಲೇ ಇವೆ. ಮೊದಲ ಬೋರ್ಡ್ ಮೇಜಿನ ಮೇಲೆ ಚೆನ್ನಾಗಿ ಓಡಿರುತ್ತದೆ. ಅದೇ ಸರ್ಕ್ಯೂಟ್‌ನ ಇನ್ನೊಂದರಲ್ಲಿ ಪಂಪ್ ತಿಣುಕುತ್ತದೆ, ಮಾಸ್ಫೆಟ್ ಮುಟ್ಟಲಾಗದಷ್ಟು ಕಾಯುತ್ತದೆ, ಕೊನೆಗೆ ಕರೆಂಟ್ ಹರಿಯುವ ಎರಡು ಕಾಲುಗಳಾದ ಡ್ರೈನ್-ಸೋರ್ಸ್ ಶಾರ್ಟ್. ಆಮೇಲೆ ಟ್ಯಾಂಕ್ ತುಂಬಿ ಹರಿದರೂ ಪಂಪ್ ಆಫ್ ಆಗುವುದಿಲ್ಲ. ಅಪಾಯ ಇರುವುದು ಅಲ್ಲೇ.

ಐಆರ್‌ಎಫ್‌ಝಡ್44ಎನ್ ತಯಾರಕರ ಡೇಟಾಶೀಟ್‌ನಲ್ಲಿ ಗೇಟ್ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದಿದೆ. 3.3 ಅದರೊಳಗೇ ಬಂತಲ್ಲ, ಸಾಕು ಅಂದುಕೊಳ್ಳುತ್ತಾರೆ. ಅದೇ ಸಾಲಿನ ಷರತ್ತು ನೋಡಿ: ಡ್ರೈನ್ ಕರೆಂಟ್ 250 ಮೈಕ್ರೋಆಂಪ್. ಅಂದರೆ ಅದು ಮಾಸ್ಫೆಟ್ ಆಗಷ್ಟೇ ಕಣ್ಣು ಬಿಡುವ ವೋಲ್ಟೇಜ್, 3 ಆಂಪ್ ಹರಿಸುವ ವೋಲ್ಟೇಜ್ ಅಲ್ಲ. ಥ್ರೆಶೋಲ್ಡ್ 2ರ ಹತ್ತಿರವಿರುವ ಪೀಸ್ ಹೇಗೋ ಓಡುತ್ತದೆ. 4ರ ಹತ್ತಿರದ್ದು ಓಡದು. ಎರಡೂ ಸರಿಯಾದ ಮಾಲೇ.

ಗರಿಷ್ಠ 17.5 ಮಿಲಿಓಮ್ ಎಂಬ ಆನ್ ರೆಸಿಸ್ಟೆನ್ಸ್ (ಪೂರ್ತಿ ಆನ್ ಆದಾಗ ಡ್ರೈನ್-ಸೋರ್ಸ್ ನಡುವಿನ ಪ್ರತಿರೋಧ) ಸಿಗುವುದು ಗೇಟ್‌ಗೆ 10 ವೋಲ್ಟ್ ಕೊಟ್ಟಾಗ ಮಾತ್ರ. ಆಗ 3 ಆಂಪ್‌ಗೆ ಸುಮಾರು 0.16 ವ್ಯಾಟ್, ಹೀಟ್‌ಸಿಂಕ್ ಇಲ್ಲದೆ ಪ್ರತಿ ವ್ಯಾಟ್‌ಗೆ 62 ಡಿಗ್ರಿ ಲೆಕ್ಕದಲ್ಲಿ 10 ಡಿಗ್ರಿ ಏರಿಕೆ. ಅರೆಬರೆ ಆನ್ ಆಗಿ ಡ್ರೈನ್-ಸೋರ್ಸ್ ನಡುವೆ 2 ವೋಲ್ಟ್ ಉಳಿದರೆ 6 ವ್ಯಾಟ್. ಏರಿಕೆಯೇ 372 ಡಿಗ್ರಿ, ಜಂಕ್ಷನ್ (ಒಳಗಿನ ಚಿಪ್) ಮಿತಿ ಇರುವುದು 175. ಮೊದಲ ಪುಟದ 49 ಆಂಪ್ ನೋಡಿ ಧೈರ್ಯ ಮಾಡಬೇಡಿ. ಅದು ಕೇಸ್ (ಹೊರಮೈ) 25 ಡಿಗ್ರಿಯಲ್ಲೇ ಇದ್ದಾಗಿನ ಮಾತು. ಒಳಗಿನ ಗ್ರಾಫ್‌ಗಳೂ ಟಿಪಿಕಲ್ ಪೀಸ್‌ನವು, ಅವುಗಳಿಗೆ ಗ್ಯಾರಂಟಿ ಇಲ್ಲ.

ಹಾಗಾಗಿ ಮಾಸ್ಫೆಟ್ ಆರಿಸುವಾಗ ಥ್ರೆಶೋಲ್ಡ್ ಸಾಲು ಬಿಡಿ. ನೀವು ಕೊಡುವ ಗೇಟ್ ವೋಲ್ಟೇಜ್‌ನಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಆನ್ ರೆಸಿಸ್ಟೆನ್ಸ್‌ನ ಗರಿಷ್ಠ ಅಂಕಿ ಕೊಟ್ಟಿದ್ದಾರೆಯೇ ನೋಡಿ. ಅಂಗಡಿಯಲ್ಲಿ ಬರೀ ‘ಝಡ್44’ ಎಂದು ಕೇಳಬೇಡಿ. ಐಆರ್‌ಎಲ್‌ಝಡ್44ಎನ್ ಬೇರೆಯದೇ ಪಾರ್ಟ್, ಅದಕ್ಕೆ 5 ವೋಲ್ಟ್‌ನಲ್ಲಿ 25, 4 ವೋಲ್ಟ್‌ನಲ್ಲಿ 35 ಮಿಲಿಓಮ್ ಬರೆದುಕೊಟ್ಟಿದ್ದಾರೆ. 5 ವೋಲ್ಟ್ ಆರ್ಡುಯಿನೊಗೆ ಅದು ಸರಿ, 3.3ಕ್ಕೆ ಅದೂ ಭರವಸೆಯಲ್ಲ. 3.3ಕ್ಕೆ ಎಒ3400ಎ ತರಹದ್ದು ಬೇಕು: 2.5 ವೋಲ್ಟ್‌ನಲ್ಲೇ ಗರಿಷ್ಠ 48 ಮಿಲಿಓಮ್. ಪಿನ್ ಸುಮ್ಮನಿದ್ದಾಗ ಮಾಸ್ಫೆಟ್ ಆಫ್ ಇರಲು ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್, ಪಂಪ್ ಆಫ್ ಆದಾಗ ಏಳುವ ವೋಲ್ಟೇಜ್ ಹೊಡೆತ ತಡೆಯಲು ಅದಕ್ಕೆ ಅಡ್ಡಲಾಗಿ ಫ್ಲೈಬ್ಯಾಕ್ ಡಯೋಡ್ ಮರೆಯಬೇಡಿ. ಎಒ3400ಎ ಗೇಟ್ ತಡೆಯುವುದು 12 ವೋಲ್ಟ್ ಮಾತ್ರ. ಚಾರ್ಜ್ ಆಗುತ್ತಿರುವ 12 ವೋಲ್ಟ್ ಬ್ಯಾಟರಿ 14 ದಾಟುತ್ತದೆ, ಅದರ ವೈರ್ ಗೇಟ್‌ಗೆ ತಾಗಬಾರದು.