ವಿಂಡೋಸ್ 98 ಆಟಗಳಿಗೆ ಜೀಫೋರ್ಸ್ 2 ಎಂಎಕ್ಸ್ 400: ಮಡಿಕೇರಿಯಲ್ಲಿ ಬಳಸಿ ನೋಡಿದ್ದು

ಹಳೇ ಪೆಂಟಿಯಂ 3 ಕಂಪ್ಯೂಟರಿಗೆ ಈ ಗ್ರಾಫಿಕ್ಸ್ ಕಾರ್ಡ್ ಹಾಕಿ ಎರಡು ತಿಂಗಳಾಯಿತು, ತುಂಬಾ ಖುಷಿ ಕೊಟ್ಟಿದೆ. ಮೊದಲು ಆಸೆ ಇದ್ದದ್ದು 1999ರ ವೂಡೂ 3 ಕಾರ್ಡಿನ ಮೇಲೆ. ಅದರಲ್ಲಿ ಗ್ಲೈಡ್ (ವೂಡೂ ಕಾರ್ಡುಗಳಿಗೆಂದೇ ಇದ್ದ 3ಡಿ ತಂತ್ರಾಂಶ) ಓಡುತ್ತದೆ, ಅನ್‌ರಿಯಲ್ ತರಹದ ಆಟಗಳಿಗೆ ಆ ಮಜವೇ ಬೇರೆ. ಆದರೆ ಬೆಲೆ ಜಾಸ್ತಿ, ಮೆಮೊರಿ 16 ಎಂಬಿ, 3ಡಿ ಆಟಗಳಲ್ಲಿ 16 ಬಿಟ್ ಬಣ್ಣ ಮಾತ್ರ. ನನ್ನದರಲ್ಲಿ 64 ಎಂಬಿ ಇದೆ, 32 ಬಿಟ್ ಬಣ್ಣ ಬರುತ್ತದೆ, ಕ್ವೇಕ್ 3 ಸಲೀಸಾಗಿ ಓಡುತ್ತದೆ. ಗ್ಲೈಡ್ ಇಲ್ಲ, ಅದೊಂದೇ ಕೊರತೆ.

ನನಗೆ ಜಾಸ್ತಿ ಹಿಡಿಸಿದ್ದು ಇದಕ್ಕೆ ಫ್ಯಾನ್ ಇಲ್ಲದಿರುವುದು, ಬಿಸಿ ಹೊರಹಾಕಲು ಬರೀ ಲೋಹದ ಹೀಟ್‌ಸಿಂಕ್. ನಮ್ಮ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಇಪ್ಪತ್ತು ವರ್ಷ ಹಳೇ ಫ್ಯಾನ್ ತೇವದಲ್ಲಿ ಎಷ್ಟು ದಿನ ತಿರುಗೀತು ಹೇಳಿ! ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ, ಡಿಸ್‌ಪ್ಲೇ ಬರದ ಎಷ್ಟೋ ಕಾರ್ಡುಗಳು ಅಷ್ಟಕ್ಕೇ ಸರಿಹೋಗುತ್ತವೆ.

ಹಳೇ ಕಾರ್ಡ್ ಕೊಳ್ಳುವಾಗ ಸುಮ್ನೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಹಾಗೆ ತರಿಸಿದ ನನ್ನ ಮೊದಲ ಕಾರ್ಡಿನ ಕೆಪಾಸಿಟರುಗಳು ಊದಿಕೊಂಡು ಕೆಟ್ಟಿದ್ದವು. ಎಜಿಪಿ ಸ್ಲಾಟಿನ (ಮದರ್‌ಬೋರ್ಡಿನಲ್ಲಿ ಈ ಕಾರ್ಡ್ ಕೂರುವ ಜಾಗ) ಕಚ್ಚು ಎಲ್ಲಿದೆ ಅಂತಲೂ ಮೊದಲೇ ನೋಡಿ, ಅದರಿಂದಲೇ ಸ್ಲಾಟಿನ ವೋಲ್ಟೇಜ್ ಗೊತ್ತಾಗುತ್ತದೆ; 3.3 ವೋಲ್ಟಿನ ವೂಡೂ 3 ಬರೀ 1.5 ವೋಲ್ಟಿನ ಸ್ಲಾಟಿಗೆ ಆಗುವುದಿಲ್ಲ.