ಎಫ್‌ಎಫ್‌ಎಂಪೆಗ್: ಕೊಟ್ಟಷ್ಟು ಚಿತ್ರ ವಿಡಿಯೋದಲ್ಲಿ ಬರುತ್ತವಾ?

ಚಿತ್ರಗಳನ್ನು ಸಾಲಾಗಿ ಜೋಡಿಸಿ ವಿಡಿಯೋ ಮಾಡುವುದಕ್ಕೆ ನಾನು ವರ್ಷಗಳಿಂದ ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಕಮಾಂಡ್ ಲೈನಿನಲ್ಲೂ ಸರಿ, ಸಿ ಕೋಡಿನಲ್ಲಿ ಅದರ ಲೈಬ್ರರಿ ಸೇರಿಸಿಕೊಂಡೂ ಸರಿ. ಉಚಿತ, ವೇಗ ಚೆನ್ನಾಗಿದೆ, ಗುಣಮಟ್ಟದ ಬಗ್ಗೆ ತಕರಾರಿಲ್ಲ. ಆದರೆ 300 ಚಿತ್ರ ಕೊಟ್ಟರೆ 300 ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಬಂದೇ ಬರುತ್ತವೆ ಅಂತ ಸುಮ್ನೆ ನಂಬುವ ಹಾಗಿಲ್ಲ.

ಎಷ್ಟು ಫ್ರೇಮ್ ಹೋದವು ಅನ್ನುವುದಕ್ಕಿಂತ ಎಲ್ಲಿ ಹೋದವು ಅಂತ ನೋಡಿ. ಕಾರಣ ಬೇಗ ಸಿಗುತ್ತದೆ.

ಕೋಡ್ ಬರೆಯುವವರಿಗೆ ಕೊನೆಯ ಫ್ರೇಮುಗಳೇ ಜಾಸ್ತಿ ಕೈಕೊಡುವುದು. ಚಿತ್ರಗಳನ್ನು ಕುಗ್ಗಿಸಿ ವಿಡಿಯೋ ಮಾಡುವ ಎಕ್ಸ್264 ಎನ್‌ಕೋಡರ್ ಮುಂದೆ ಬರುವ ಫ್ರೇಮುಗಳನ್ನು ನೋಡಿಕೊಂಡು ಲೆಕ್ಕ ಹಾಕುತ್ತದೆ. ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಕನಿಷ್ಠ 40 ಫ್ರೇಮುಗಳನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಚಿತ್ರಗಳನ್ನು ಒಂದೊಂದಾಗಿ ಕಳಿಸುವ ಲೂಪ್ ಮುಗಿದ ಮೇಲೆ ಒಮ್ಮೆ ನಲ್ (ಖಾಲಿ) ಫ್ರೇಮ್ ಕಳಿಸಿ, ಉಳಿದ ಪ್ಯಾಕೆಟ್‌ಗಳನ್ನೆಲ್ಲ (ಕುಗ್ಗಿಸಿದ ಫ್ರೇಮುಗಳು) ಬರಿದಾಗುವವರೆಗೆ ಹೊರಗೆ ತೆಗೆಯಬೇಕು. ಬರೀ 30 ಚಿತ್ರ ಹಾಕಿ ಪರೀಕ್ಷೆ ಮಾಡಿದರೆ, ಈ ಹೆಜ್ಜೆ ಇಲ್ಲದೆ ಒಂದು ಫ್ರೇಮೂ ಫೈಲಿಗೆ ಬರುವುದಿಲ್ಲ! ಎಫ್‌ಎಫ್‌ಎಂಪೆಗ್‌ನವರದೇ ಉದಾಹರಣೆ ಕೋಡಿನಲ್ಲಿ ಇದು ಲೂಪಿನ ಹೊರಗೆ ಒಂದು ಸಾಲಿನಲ್ಲಿ ಮಾತ್ರ ಇದೆ. ಲೂಪ್ ಮಾತ್ರ ಕಾಪಿ ಮಾಡಿದವರಿಗೆ ಅದು ಸಿಗುವುದಿಲ್ಲ, ಅಲ್ವಾ?

ಫ್ರೇಮುಗಳು ಉದ್ದಕ್ಕೂ ಅಲ್ಲಲ್ಲಿ ಹಾರಿದ್ದರೆ ಅದು ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು) ಕೆಲಸ. ನಾವು ಬೇರೆ ಹೇಳದಿದ್ದರೆ ಚಿತ್ರಗಳ ಸಾಲನ್ನು ಈ ಸಾಫ್ಟ್‌ವೇರ್ ಸೆಕೆಂಡಿಗೆ 25 ಅಂತಲೇ ಓದುತ್ತದೆ. ಇನ್‌ಪುಟ್ ಆದ ಮೇಲೆ '-ಆರ್ 10' ಅಂತ ಕೊಟ್ಟರೆ ವಿಡಿಯೋ 12 ಸೆಕೆಂಡೇ ಇರುತ್ತದೆ, 300ರಲ್ಲಿ ಸುಮಾರು 120 ಮಾತ್ರ ಉಳಿಯುತ್ತವೆ. ಇನ್‌ಪುಟ್‌ಗಿಂತ ಮೊದಲು '-ಫ್ರೇಮ್‌ರೇಟ್ 10' ಕೊಡಿ, ಎಲ್ಲವೂ 30 ಸೆಕೆಂಡಿನಲ್ಲಿ ಬರುತ್ತವೆ.

ಅರ್ಧಕ್ಕೇ ನಿಂತಿತಾ? ಫೈಲ್ ನಂಬರ್ ನಡುವೆ ಎಲ್ಲೋ ತಪ್ಪಿರುತ್ತದೆ.

ಇನ್ನೊಂದು ವಿಚಿತ್ರವಿದೆ. ಜೊತೆಗೇ ಬರುವ, ವಿಡಿಯೋ ಫೈಲಿನ ವಿವರ ತೋರಿಸುವ ಎಫ್‌ಎಫ್‌ಪ್ರೋಬ್‌ನಲ್ಲಿ ಎಣಿಸಿದರೆ 300 ಫ್ರೇಮ್ ಇರುತ್ತವೆ, ಪ್ಲೇಯರಿನಲ್ಲಿ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ವಿಡಿಯೋ ಮುಗಿಯುತ್ತದೆ. ಪ್ಯಾಕೆಟ್‌ಗಳ ಟೈಮ್‌ಸ್ಟ್ಯಾಂಪನ್ನು (ಯಾವ ಹೊತ್ತಿಗೆ ತೋರಿಸಬೇಕು ಅನ್ನುವ ಗುರುತು) ಎನ್‌ಕೋಡರಿನ ಸಮಯದ ಅಳತೆಯಿಂದ ಫೈಲಿನೊಳಗಿನ ಸ್ಟ್ರೀಮಿನ ಅಳತೆಗೆ ಬದಲಿಸದೆ ಬರೆದಾಗ ಹೀಗಾಗುತ್ತದೆ. ಎಂಪಿ4ನಲ್ಲಿ ಆ ಅಳತೆ ಸೆಕೆಂಡಿನ 12800ನೇ ಒಂದು ಭಾಗದಷ್ಟು ಸಣ್ಣದಿರಬಹುದು. 0, 1, 2 ಅಂತ ಹಾಗೇ ಬರೆದರೆ ಇನ್ನೇನಾಗುತ್ತದೆ!

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಬಿಟ್ಟ ಫ್ರೇಮುಗಳ ಲೆಕ್ಕವನ್ನು ಎಚ್ಚರಿಕೆಯಾಗಿ ಹೇಳದೆ, ಓಡುತ್ತಿರುವ ಸ್ಟೇಟಸ್ ಸಾಲಿನಲ್ಲಿ 'ಡ್ರಾಪ್' ಅಂತ ತುರುಕಿದ್ದಕ್ಕೆ ಒಂದು ಕಡಿಮೆ.